ಅಯ್ಯೋ ಪಾಪ

ಕೇಳುಗರೆಲ್ಲರಿಗೂ, ಅದರಲ್ಲೂ ಶಾಲೆಯ ಚೀಲ ಪಕ್ಕಕ್ಕಿಟ್ಟು ರೇಡಿಯೋ ಹತ್ತಿರ ಕೂತಿರುವ ಮಕ್ಕಳಿಗೆ ನಮಸ್ಕಾರ.

ನಮ್ಮ ಅಜ್ಜಿ ಕ್ರಿಸ್‌ಮಸ್‌ಗೆ ಒಂದು ವಾರ ಮುಂಚೆಯೇ ಕಲ್‌ಕಲ್ ಮಾಡಿ ದೊಡ್ಡ ಡಬ್ಬಿಗೆ ತುಂಬಿಡುತ್ತಿದ್ದರು. ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕ ಹಿಡಿಸಿದ ತಿಂಡಿ ಅದು. ‘ಹಬ್ಬದ ದಿನದವರೆಗೂ ಯಾರೂ ಮುಟ್ಟಬಾರದು’ ಎಂದು ಅಪ್ಪಣೆಯಾಗಿತ್ತು. ನಾನು ಮುಟ್ಟಿದೆ. ದಿನಕ್ಕೊಂದು ಹಿಡಿ. ಡಬ್ಬಿ ತಗ್ಗುತ್ತಾ ಬಂದಾಗ ಹಳೇ ಪೇಪರ್ ಮುದುರಿ ತಳಕ್ಕೆ ತುರುಕಿ, ಉಳಿದದ್ದನ್ನು ಮೇಲೆ ಹರಡಿದೆ. ಡಬ್ಬಿ ಮತ್ತೆ ಭರ್ತಿ! ಹಬ್ಬದ ದಿನ ನೆಂಟರ ಎದುರಿಗೇ ಅಜ್ಜಿಯ ಕೈಗೆ ಪೇಪರ್ ಬಂತು. ‘ಯಾರೋ ಇದು?’ ಎಂದರು. ನಾನು ತಮ್ಮನ ಕಡೆ ಬೆರಳು ತೋರಿಸಿದೆ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡ. ಅದರ 3ನೇ ಅಧ್ಯಾಯ ಓದುವಾಗೆಲ್ಲ ನನಗೆ ಆ ಡಬ್ಬಿ ನೆನಪಾಗುತ್ತದೆ. ಕಥೆ ನಿಮಗೆ ಗೊತ್ತು. ಏದೆನ್ ತೋಟ, ಮೊದಲ ಮನುಷ್ಯರಾದ ಆದಾಮ, ಹವ್ವ, ಜೊತೆಗೊಂದು ಸರ್ಪ. ತೋಟದ ಮರಗಳ ಹಣ್ಣನ್ನೆಲ್ಲ ತಿನ್ನಬಹುದು, ಒಂದನ್ನು ಬಿಟ್ಟು ಎಂದಿದ್ದರು ದೇವರು. ಅವರು ಅದನ್ನೇ ತಿಂದರು. ಯಾವ ಹಣ್ಣು ಅಂತ ಕೇಳಿದರೆ ಎಲ್ಲರೂ ಸೇಬು ಅಂತೀರಿ, ಅಲ್ವಾ? ಆದರೆ ಆದಿಕಾಂಡದಲ್ಲಿ ಸೇಬಿನ ಸುದ್ದಿಯೇ ಇಲ್ಲ. ಬರೀ ಹಣ್ಣು. ಯೆಹೂದಿ ಪಂಡಿತರು ಅಂಜೂರ ಎಂದರು, ದ್ರಾಕ್ಷಿ ಎಂದರು, ಒಬ್ಬರಂತೂ ಗೋಧಿ ಎಂದರು. ಲ್ಯಾಟಿನ್ ಭಾಷೆಯಲ್ಲಿ ‘ಮಲುಮ್’ ಎಂದರೆ ಕೆಟ್ಟದ್ದು, ದೀರ್ಘ ಎಳೆದು ‘ಮಾಲುಮ್’ ಎಂದರೆ ಸೇಬು. ಸೇಬಿಗೆ ಕೆಟ್ಟ ಹೆಸರು ಬರಲು ಇದೂ ಒಂದು ಕಾರಣ ಎನ್ನುತ್ತಾರೆ. ಹಣ್ಣಿನ ವಿಷಯ ಅಷ್ಟು ಸಾಕು.

ತಿಂದ ಮೇಲೆ ನಡೆದದ್ದು ನೋಡಿ. ಅಂಜೂರದ ಎಲೆ ಹೊಲಿದು ಮೈ ಮುಚ್ಚಿಕೊಂಡರು. ಸಂಜೆ ತಂಗಾಳಿಯಲ್ಲಿ ದೇವರು ತೋಟದಲ್ಲಿ ಓಡಾಡುವ ಸಪ್ಪಳ ಕೇಳಿ ಮರಗಳ ನಡುವೆ ಅಡಗಿದರು. ದೇವರು ಕೇಳಿದ ಮೊದಲ ಮಾತು ‘ಯಾಕೆ ತಿಂದೆ?’ ಅಂತಲ್ಲ. ‘ಎಲ್ಲಿದ್ದೀ?’ ಅಂತ. ಆಮೇಲೆ ಶುರುವಾಯಿತು. ನೀನು ಕೊಟ್ಟ ಹೆಂಗಸು ಕೊಟ್ಟಳು, ತಿಂದೆ ಎಂದ ಆದಾಮ. ಹೆಂಡತಿಯ ಜೊತೆ ದೇವರನ್ನೂ ಸೇರಿಸಿಕೊಂಡು ದೂರಿದ, ಭೂಪ! ಸರ್ಪ ಮೋಸ ಮಾಡಿತು ಎಂದಳು ಹವ್ವ. ಸರ್ಪಕ್ಕೆ ಬೆರಳು ತೋರಿಸಲು ಯಾರೂ ಉಳಿದಿರಲಿಲ್ಲ.

ಒಂದು ವಿಚಿತ್ರ ಗಮನಿಸಿದ್ದೀರಾ? ಇಷ್ಟೆಲ್ಲ ನಡೆದರೂ ಈ ಅಧ್ಯಾಯದಲ್ಲಿ ‘ಪಾಪ’ ಎಂಬ ಮಾತು ಎಲ್ಲೂ ಇಲ್ಲ. ಒಬ್ಬನ ಅವಿಧೇಯತೆಯಿಂದ ಎಲ್ಲರೂ ಪಾಪಿಗಳಾದರು ಎಂದು ಸಂತ ಪೌಲ ರೋಮನರಿಗೆ ಬರೆದದ್ದು, ಅದರಿಂದ ‘ಜನ್ಮಪಾಪ’ದ ಬೋಧನೆ ಬೆಳೆದದ್ದು, ಎಲ್ಲ ಬಹಳ ಆಮೇಲೆ. ಬೈಬಲಿನಲ್ಲಿ ‘ಪಾಪ’ ಎಂಬ ಮಾತು ಮೊದಲು ಬರುವುದು ಆದಿಕಾಂಡದ 4ನೇ ಅಧ್ಯಾಯದಲ್ಲಿ, ಆದಾಮ ಹವ್ವರ ಮಗ ಕಾಯಿನನ ಕಥೆಯಲ್ಲಿ. ತಮ್ಮ ಹೇಬೆಲನ ಕಾಣಿಕೆಯನ್ನು ದೇವರು ಮೆಚ್ಚಿದರು, ತನ್ನದನ್ನು ಮೆಚ್ಚಲಿಲ್ಲ ಎಂದು ಕಾಯಿನ ಮುಖ ಸಿಂಡರಿಸಿಕೊಂಡು ಕೂತಿದ್ದ. ಆಗ ದೇವರು, ಪಾಪ ನಿನ್ನ ಬಾಗಿಲಲ್ಲಿ ಹೊಂಚು ಹಾಕಿದೆ, ಅದನ್ನು ಹಿಡಿತದಲ್ಲಿ ಇಟ್ಟುಕೋ ಎನ್ನುತ್ತಾರೆ. ಕೊಲೆ ಇನ್ನೂ ಆಗಿಲ್ಲ, ಗಮನಿಸಿ. ಬಾಗಿಲು ಇನ್ನೂ ತೆರೆದಿಲ್ಲ. ಕಾಯಿನ ಆ ಮಾತು ಕೇಳಲಿಲ್ಲ, ತಮ್ಮನನ್ನು ಕೊಂದೇಬಿಟ್ಟ.

ಅಲ್ಲಿ ಪಾಪಕ್ಕೆ ಬಳಸಿದ ಹೀಬ್ರೂ ಮಾತಿನ ಬೇರು ‘ಹಾಟಾ’. ಗುರಿ ತಪ್ಪುವುದು ಎಂಬ ಅರ್ಥವೂ ಅದಕ್ಕಿದೆ. ನ್ಯಾಯಸ್ಥಾಪಕರು ಎಂಬ ಪುಸ್ತಕದ 20ನೇ ಅಧ್ಯಾಯದಲ್ಲಿ 700 ಜನ ಎಡಚರು ಬರುತ್ತಾರೆ. ಕವಣೆಯಿಂದ ಕೂದಲೆಳೆಗೆ ಕಲ್ಲು ಬೀಸಿದರೂ ಗುರಿ ತಪ್ಪದವರು. ಆ ‘ತಪ್ಪುವುದಕ್ಕೆ’ ಇರುವುದೂ ಇದೇ ಬೇರಿನ ಮಾತು. ಮಾವಿನಕಾಯಿಗೆ ಕಲ್ಲು ಬೀಸಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಕಲ್ಲು ಕಾಯಿಗೂ ಬೀಳಲಿಲ್ಲ, ಪಕ್ಕದ ಮನೆ ಹೆಂಚಿಗೆ ಬಿತ್ತು.

ಹಾಗಾದರೆ ದೊಡ್ಡವರ ಮಾತು ಮೀರಿದ್ದೆಲ್ಲ ಪಾಪವೇ? ಸಂಡೇ ಸ್ಕೂಲಿನಲ್ಲಿ ಈ ಪ್ರಶ್ನೆ ಕೇಳಿದವರು ಕೆಲವೊಮ್ಮೆ ಬೆಂಚಿನ ಮೇಲೆ ನಿಂತದ್ದೂ ಉಂಟು. ನನಗೇನೋ ಅದು ಕೇಳಲೇಬೇಕಾದ ಪ್ರಶ್ನೆ. ಬೈಬಲಿನಲ್ಲೇ ಉತ್ತರವಿದೆ. ವಿಮೋಚನಕಾಂಡದ ಮೊದಲ ಅಧ್ಯಾಯ ತೆಗೆಯಿರಿ. ಇಬ್ರಿಯರಿಗೆ, ಅಂದರೆ ಯೆಹೂದಿಗಳ ಪೂರ್ವಜರಿಗೆ, ಗಂಡು ಮಗು ಹುಟ್ಟಿದರೆ ಕೊಂದುಬಿಡಿ ಎಂದು ಐಗುಪ್ತದ, ಅಂದರೆ ಈಜಿಪ್ಟಿನ, ಅರಸ ಫರೋಹ ಇಬ್ಬರು ಸೂಲಗಿತ್ತಿಯರಿಗೆ ಹೇಳಿದ. ಅವರ ಹೆಸರು ಶಿಫ್ರಾ, ಪೂವಾ. ಅವರು ಒಂದು ಮಗುವನ್ನೂ ಕೊಲ್ಲಲಿಲ್ಲ. ಅರಸ ಕರೆಸಿ ಕೇಳಿದಾಗ, ಆ ಹೆಂಗಸರು ಬಲು ಗಟ್ಟಿ, ನಾವು ಹೋಗುವಷ್ಟರಲ್ಲಿ ಹೆತ್ತಿರುತ್ತಾರೆ ಎಂದುಬಿಟ್ಟರು. ಅರಸನ ಮಾತು ಮೀರಿದರು, ಮೇಲೊಂದು ನೆಪ ಬೇರೆ. ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದರು. ಯಾರೋ ದೊಡ್ಡವರು ಕೆಟ್ಟದ್ದನ್ನು ಮಾಡು ಎಂದರೆ, ಅಥವಾ ಯಾರಿಗೂ ಹೇಳಬೇಡ ಎಂದು ಹೆದರಿಸಿದರೆ, ಆ ಮಾತು ಮೀರಬೇಕು. ಮಕ್ಕಳೇ, ಇದನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಇನ್ನು ವಿಧೇಯತೆಯ ವಿಷಯ. ಯೇಸು ಹೇಳಿದ ಒಂದು ಸಾಮತಿ, ಅಂದರೆ ನೀತಿಕಥೆ, ಬೈಬಲಿನ ಮತ್ತಾಯನ ಪುಸ್ತಕದ 21ನೇ ಅಧ್ಯಾಯದಲ್ಲಿದೆ. ಅಪ್ಪ ಇಬ್ಬರು ಮಕ್ಕಳಿಗೂ ದ್ರಾಕ್ಷಿತೋಟಕ್ಕೆ ಹೋಗಿ ಕೆಲಸ ಮಾಡಿ ಎಂದ. ಒಬ್ಬ ‘ಹೋಗಲ್ಲ’ ಎಂದ, ಆಮೇಲೆ ಮನಸ್ಸು ತಡೆಯದೆ ಹೋದ. ಇನ್ನೊಬ್ಬ ‘ಆಯ್ತಪ್ಪಾ’ ಎಂದ, ಹೋಗಲೇ ಇಲ್ಲ. ಅಪ್ಪನ ಮಾತು ನಡೆಸಿದವನು ಯಾರು ಎಂದು ಯೇಸು ಕೇಳಿದರು. ನಮ್ಮ ಮನೆಗಳಲ್ಲಿ ಸುಮ್ನೆ ‘ಆಯ್ತು, ಆಯ್ತು’ ಅನ್ನುವವರೇ ಜಾಣ ಮಕ್ಕಳು!

ನಮ್ಮ ಕನ್ನಡದ ‘ಪಾಪ’ ಮಾತ್ರ ಮಜವಾಗಿದೆ. ತಪ್ಪು ಮಾಡಿದರೂ ಪಾಪ. ಯಾರಾದರೂ ಮಳೆಯಲ್ಲಿ ನೆಂದು ಬಂದರೂ ‘ಅಯ್ಯೋ ಪಾಪ’. ಏದೆನ್ ತೋಟದ ಕಥೆಯ ಕೊನೆಗೆ ಈ ಎರಡೂ ಇವೆ. ದೇವರು ಅವರಿಬ್ಬರನ್ನೂ ತೋಟದಿಂದ ಹೊರಗೆ ಕಳಿಸುತ್ತಾರೆ, ಅದು ನಿಜ. ಆದರೆ ಕಳಿಸುವ ಮುಂಚೆ ಚರ್ಮದ ಉಡುಪು ಮಾಡಿ ತೊಡಿಸುತ್ತಾರೆ. ಎಲೆಯ ಬಟ್ಟೆ ಎಷ್ಟು ದಿನ ಬಾಳೀತು, ಹೇಳಿ.

ಅಜ್ಜಿ ಅವತ್ತು ತಮ್ಮನನ್ನು ನೋಡಲಿಲ್ಲ, ನನ್ನನ್ನೇ ನೋಡಿದರು. ‘ಪಾಪ, ಅವನ ಹೆಸರು ಯಾಕೋ ಎಳೀತೀಯಾ?’ ಎಂದರು. ಮುದುರಿದ ಪೇಪರನ್ನು ಬಿಡಿಸಿ, ಅಂಟಿದ್ದ ಸಕ್ಕರೆ ಕೊಡವಿ, ಮಡಿಸಿ ಪಕ್ಕಕ್ಕಿಟ್ಟರು. ನೆಂಟರಿಗೆ ಕೊಟ್ಟು ಉಳಿದ ಕಲ್‌ಕಲ್ ಅನ್ನು ಎರಡು ತಟ್ಟೆಗೆ ಹಾಕಿದರು. ತಮ್ಮನ ತಟ್ಟೆಯಲ್ಲಿ ಜಾಸ್ತಿ ಇತ್ತು. ನನ್ನದರಲ್ಲೂ ಇತ್ತು.

ನಮಸ್ಕಾರ.