ಬಸ್ಸಿಗೊಂದು ಪಥ: ದಟ್ಟಣೆ ಇಳಿಸುವ ಬಗೆ

ಮಾನ್ಯರೇ,

ಬೆಂಗಳೂರಿನ ವಾಹನ ದಟ್ಟಣೆಯ ಮಾತು ಬಂದಾಗಲೆಲ್ಲ ನಾವು ಮೇಲ್ಸೇತುವೆ, ಸುರಂಗ, ರಸ್ತೆ ಅಗಲೀಕರಣಗಳ ಕಡೆಗೇ ನೋಡುತ್ತೇವೆ. ಆದರೆ ಹೊಸ ಪಥ ತೆರೆದ ಕೂಡಲೇ, ಅದುವರೆಗೆ ದಟ್ಟಣೆಗೆ ಅಂಜಿ ಬಸ್ಸು ಹತ್ತುತ್ತಿದ್ದವರೂ ಹೊತ್ತು ಬದಲಿಸಿ ಓಡಾಡುತ್ತಿದ್ದವರೂ ಕಾರು ತೆಗೆಯುತ್ತಾರೆ. ಕೆಲವೇ ವರ್ಷಗಳಲ್ಲಿ ಆ ಪಥವೂ ತುಂಬಿಹೋಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ ಇದನ್ನು 1962ರಲ್ಲಿಯೇ ವಿವರಿಸಿದ್ದರು.

ದಟ್ಟಣೆ ಕರಗಲು ಎಲ್ಲ ಕಾರುಗಳೂ ಮನೆಯಲ್ಲಿ ನಿಲ್ಲಬೇಕಾಗಿಲ್ಲ ಎಂಬುದು ಭರವಸೆಯ ಸಂಗತಿ. ರಸ್ತೆ ತನ್ನ ಸಾಮರ್ಥ್ಯದ ಅಂಚಿನಲ್ಲಿರುವಾಗ ಹತ್ತರಲ್ಲಿ ಒಂದೆರಡು ವಾಹನ ಕಡಿಮೆಯಾದರೂ ಕಾಯುವ ಹೊತ್ತು ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇಳಿಯುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ ಇದನ್ನು ಪ್ರಯೋಗ ಮಾಡಿಯೇ ನೋಡಿತು. ಅಲ್ಲಿ 2005ರ ಆಗಸ್ಟ್‌ನಲ್ಲಿ ಬಸ್ ಸಂಚಾರವನ್ನು ಹೆಚ್ಚಿಸಿದರು. ಅಷ್ಟರಿಂದಲೇ ಕಾರುಗಳ ಸಂಖ್ಯೆಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. 2006ರ ಜನವರಿಯಿಂದ ಜುಲೈವರೆಗೆ, ನಗರದ ಒಳವಲಯಕ್ಕೆ ಬಂದುಹೋಗುವ ಕಾರುಗಳಿಗೆ ಹೊತ್ತಿಗೆ ತಕ್ಕಂತೆ 10ರಿಂದ 20 ಕ್ರೋನಾ ಶುಲ್ಕ ವಿಧಿಸಿದಾಗ, ವಲಯದ ಗಡಿ ದಾಟುವ ವಾಹನಗಳು ಸುಮಾರು ಶೇ. 20ರಷ್ಟು ಇಳಿದವು. ಪ್ರಯೋಗ ಮುಗಿದೊಡನೆ ಅವುಗಳಲ್ಲಿ ಬಹುಪಾಲು ಮರಳಿದವು. ಎರಡನ್ನೂ ಕಣ್ಣಾರೆ ಕಂಡ ನಗರದ ಜನ ಆ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಶುಲ್ಕವನ್ನು ಬಹುಮತದಿಂದ ಒಪ್ಪಿದರು. 2007ರ ಆಗಸ್ಟ್‌ನಿಂದ ಅದು ಕಾಯಂ ಆಯಿತು.

ಹಾಗಾದರೆ ಬೆಂಗಳೂರಿನಲ್ಲಿಯೂ ನಾಳೆಯೇ ಶುಲ್ಕ ಹಾಕಬಹುದೇ? ಕೂಡದು ಎಂದೇ ನಾನು ಹೇಳುತ್ತೇನೆ. ಕಾರು ಬಿಟ್ಟು ಬಂದವರು ಹತ್ತುವ ಬಿಎಂಟಿಸಿ ಬಸ್ಸು ಕಾರುಗಳ ಸಾಲಿನಲ್ಲಿಯೇ ನಿಂತಿದ್ದರೆ, ಆ ಶುಲ್ಕ ಬರಿಯ ದಂಡವಾಗುತ್ತದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿನ ಹೊರೆಯನ್ನು ಇಳಿಸಿತು. ದಾರಿಯಲ್ಲಿ ಕಳೆಯುವ ಹೊತ್ತಿನ ಹೊರೆ ಹಾಗೆಯೇ ಉಳಿದಿದೆ. ನಿಲ್ದಾಣದವರೆಗೆ ನಡೆಯಲು ಪಾದಚಾರಿ ಮಾರ್ಗವೇ ಇಲ್ಲದ ಬಡಾವಣೆಗಳಲ್ಲಿ ಈ ಹೊರೆ ಇನ್ನೂ ಹೆಚ್ಚು, ಅದರಲ್ಲಿಯೂ ವಯಸ್ಸಾದವರಿಗೆ.

ಬಸ್ಸಿಗೆ ಪ್ರತ್ಯೇಕ ದಾರಿ ಕೊಡುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಹುಬ್ಬಳ್ಳಿ–ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರ್ ಉದ್ದದ ಪಥದಲ್ಲಿ 2018ರಿಂದ ಚಿಗರಿ ಬಸ್ಸುಗಳು ಓಡುತ್ತಿವೆ. ಆ ಯೋಜನೆಯ ಬಗ್ಗೆ ಅಲ್ಲಿಯ ಜನರ ಆಕ್ಷೇಪಗಳಿವೆ, ಅವನ್ನು ತಳ್ಳಿಹಾಕಬಾರದು. ಆದರೂ ಬಸ್ಸು ಕಾರಿನ ಹಿಂದೆ ಕಾಯಲೇಬೇಕೆಂಬ ನಿಯಮವೇನೂ ಇಲ್ಲವೆಂದು ಅದು ತೋರಿಸಿಕೊಟ್ಟಿದೆ. ಬೆಂಗಳೂರಿನಲ್ಲಿಯೂ ಸಿಲ್ಕ್ ಬೋರ್ಡ್–ಕೆ.ಆರ್. ಪುರ ನಡುವಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ ಆದ್ಯತಾ ಪಥ ಆರಂಭವಾಗಿತ್ತು. ಸಾಂಕ್ರಾಮಿಕದ ಕಾಲ ಬಂತು, ಮೆಟ್ರೊ ಕಾಮಗಾರಿ ಬಂತು, ಪಥ ಹೋಯಿತು.

ಮೆಟ್ರೊ ಕಾಮಗಾರಿಯ ತಡೆಗೋಡೆಗಳು ತೆರವಾದಾಗ ಅಲ್ಲಿ ರಸ್ತೆಯ ಜಾಗ ಮತ್ತೆ ದೊರೆಯುತ್ತದೆ. ಒಮ್ಮೆ ಕಾರುಗಳು ಆ ಜಾಗಕ್ಕೆ ಒಗ್ಗಿಕೊಂಡರೆ ಹಿಂಪಡೆಯುವುದು ಬಹಳ ಕಷ್ಟ. ಆದ್ದರಿಂದ ತಡೆಗೋಡೆ ತೆಗೆದ ದಿನವೇ ಆ ಪಥವನ್ನು ಬಸ್ಸಿಗೆ ಗುರುತು ಮಾಡಬೇಕು, ಮೆಟ್ರೊ ಇಳಿದವರು ನಿಲ್ದಾಣದ ಕೆಳಗೇ ಬಸ್ಸು ಹತ್ತುವಂತಿರಬೇಕು. ಶುಲ್ಕದ ಪ್ರಸ್ತಾಪವನ್ನು ಜನರ ಮುಂದಿಡುವುದು ಆಮೇಲೆ.