ನೆತ್ತಿಗೆ ಸುರಿದ ಬಿಸಿನೀರು ಮತ್ತು ಮೂರ್ಛೆ

ಎಲ್ಲರಿಗೂ ನಮಸ್ಕಾರ. ವಾರಕ್ಕೊಮ್ಮೆ ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಳ್ಳುವಾಗ ಮಾತ್ರ ಕೆಲವರಿಗೆ ಫಿಟ್ಸ್ ಬರುತ್ತದೆ. ಉಳಿದ ದಿನ ಆರಾಮಾಗಿರುತ್ತಾರೆ. ಇದಕ್ಕೆ ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂತು. ಆದರೆ ಅತಿ ಹೆಚ್ಚು ರೋಗಿಗಳು ಕಂಡುಬಂದಿರುವುದು ದಕ್ಷಿಣ ಭಾರತದಲ್ಲಿ, ಅದರಲ್ಲೂ ಬೆಂಗಳೂರು, ಮೈಸೂರು ಸುತ್ತಮುತ್ತ. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ಜನರ ವಿವರ ಪ್ರಕಟಿಸಿದರು. ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು.

ಬಚ್ಚಲಲ್ಲಿ ಆಗುವುದೇನು? ನೀರಿನ ಬಿಸಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಚೊಂಬಿನ ಮೇಲೆ ಚೊಂಬು, ಬಿಡುವಿಲ್ಲದೆ ನೆತ್ತಿಗೆ. ಕೆಲವು ಚೊಂಬು ಸುರಿಯುವಷ್ಟರಲ್ಲಿ ಕಣ್ಣು ಒಂದೇ ಕಡೆ ನೆಟ್ಟುಬಿಡುತ್ತದೆ. ಮಾತು ತಡವರಿಸುತ್ತದೆ, ಅಥವಾ ಸಂಬಂಧವಿಲ್ಲದ ಮಾತು ಹೊರಡುತ್ತದೆ. ಕೆಲವರಿಗೆ ಕಾರಣವಿಲ್ಲದ ಭಾರೀ ಭಯ, ಇಲ್ಲದ ಆಕೃತಿ, ಇಲ್ಲದ ದನಿ. ಆಮೇಲೆ ಪ್ರಜ್ಞೆ ತಪ್ಪುತ್ತದೆ. ಕೆಲವರಲ್ಲಿ ಕೈಕಾಲು ಸೆಟೆದು ಅದುರುತ್ತವೆ. ‘ಬಚ್ಚಲಲ್ಲಿ ಗಾಳಿ ಸೋಕಿತು’ ಎಂದು ತಾಯಿತ ಕಟ್ಟಿಸುವುದು ಈ ಭಯದ ಲಕ್ಷಣ ನೋಡಿಯೇ. ಕಿವಿಯ ಮೇಲ್ಭಾಗಕ್ಕೆ ನೇರವಾಗಿ ಒಳಗಿರುವ, ಮಿದುಳಿನ ಭಾಗವಾದ ಟೆಂಪೊರಲ್ ಲೋಬ್‌ನಲ್ಲಿ ನೆನಪಿನ ಹಿಪ್ಪೊಕ್ಯಾಂಪಸ್ ಇದೆ, ಅದರ ಮುಂದೆಯೇ ಭಯ ಎಬ್ಬಿಸುವ ಅಮಿಗ್ಡಲಾ ಇದೆ. ವಿದ್ಯುತ್ ಚಟುವಟಿಕೆ ಅಲ್ಲಿ ಹದ ತಪ್ಪಿದರೆ ಎದುರಿಗೆ ಏನೂ ಇಲ್ಲದೆಯೂ ಜೀವ ನಡುಗುತ್ತದೆ.

ಇನ್ನೊಂದು ವಿಚಿತ್ರವೂ ಉಂಟು. ಸುಮಾರು ಹತ್ತರಲ್ಲಿ ಒಬ್ಬರಿಗೆ ಆ ಕ್ಷಣ ಹಿತವೆನಿಸುತ್ತದೆ. ಇನ್ನಷ್ಟು ಬಿಸಿನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಇವರನ್ನು ಬೈದು ಪ್ರಯೋಜನವಿಲ್ಲ, ಬಚ್ಚಲಿಗೆ ಒಬ್ಬರನ್ನೇ ಬಿಡಬಾರದು ಅಷ್ಟೆ.

ಎಲ್ಲರೂ ಬಿಸಿನೀರು ಹಾಕಿಕೊಳ್ಳುತ್ತಾರೆ, ಇವರಿಗೇ ಯಾಕೆ? ದೇಹದ ಬಿಸಿಯನ್ನು ಹದದಲ್ಲಿಡುವುದು ಮಿದುಳಿನ ತಳದಲ್ಲಿರುವ ಹೈಪೊಥಾಲಮಸ್. ಈ ಹದಗಾರಿಕೆಯಲ್ಲೇ ಹುಟ್ಟಿನಿಂದ ಕೊಂಚ ದೋಷವಿರಬಹುದು ಎಂಬುದು ಈಗಿನ ತಿಳಿವಳಿಕೆ. ನಿಮ್ಹಾನ್ಸ್‌ನಲ್ಲಿ ಇಲಿಗಳ ತಲೆಗೆ ಪದೇಪದೇ ಬಿಸಿನೀರು ಬಿಟ್ಟು ನೋಡಿದ್ದಾರೆ. ಸಲದಿಂದ ಸಲಕ್ಕೆ ಕಡಿಮೆ ಬಿಸಿಗೇ ಸೆಳೆತ ಬಂತು, ಬಂದದ್ದು ಹೆಚ್ಚು ಹೊತ್ತು ಉಳಿಯಿತು. ‘ತಲೆಗೆ ಹಾಕಿಕೊಂಡಾಗ ತಾನೇ, ಬಿಡಿ’ ಎಂದು ವರ್ಷಗಟ್ಟಲೆ ಸುಮ್ಮನಿರಬಾರದು ಎನ್ನಲು ನನಗೆ ಇದೇ ದೊಡ್ಡ ಕಾರಣ. ಕೆಲವು ಮನೆತನಗಳಲ್ಲಿ ಹಲವರಿಗೆ ಇರುವುದರಿಂದ ವಂಶವಾಹಿಯ ಪಾತ್ರವೂ ಇದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಅಂಥ ಕುಟುಂಬಗಳಲ್ಲಿ 10ನೇ ಮತ್ತು 4ನೇ ವರ್ಣತಂತುಗಳ ಮೇಲೆ ಈ ಕಾಯಿಲೆಗೆ ನಂಟಿರುವ ಜಾಗ ಗುರುತಿಸಿದ್ದಾರೆ.

ಚಿಕಿತ್ಸೆ ಶುರುವಾಗುವುದು ಹಂಡೆಯ ಹತ್ತಿರ. ನೀರು ಮೈಯ ಬಿಸಿಯಷ್ಟೇ ಇರಲಿ, 37 ಡಿಗ್ರಿಯ ಆಸುಪಾಸು. ಮೊಣಕೈ ಅದ್ದಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ನೀರನ್ನು ಮೊದಲೇ ಬೆರೆಸಿಟ್ಟುಕೊಳ್ಳಿ. ತಲೆ ತೊಳೆಯುವಾಗ ನಡುನಡುವೆ ನಿಲ್ಲಿಸಿ, ಸ್ವಲ್ಪಸ್ವಲ್ಪವೇ ಹಾಕಿ. ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿಕೊಂಡರೂ ಆದೀತು. ಜನ ಎಡವುವುದು ಚಳಿಗಾಲದಲ್ಲಿ, ಹಬ್ಬದ ದಿನ: ಎಣ್ಣೆ ಜಿಡ್ಡು ಹೋಗಲೆಂದು ನೀರು ಸುಡುತ್ತದೆ, ಅಜ್ಜಿ ಪ್ರೀತಿಯಿಂದ ನಾಲ್ಕು ಚೊಂಬು ಹೆಚ್ಚೇ ಸುರಿಯುತ್ತಾರೆ. ಬಾಗಿಲು ಮುಂದೆ ಮಾಡಿ, ಚಿಲಕ ಹಾಕಬೇಡಿ. ಕುದಿಯುವ ಹಂಡೆ ಕೈಗೆಟಕುವಲ್ಲಿ ಬೇಡ. ಸುಟ್ಟಗಾಯ ಮೂರ್ಛೆಗಿಂತ ಹೆಚ್ಚು ಕಾಡುತ್ತದೆ.

ಫಿಟ್ಸ್ ಬಂದೇಬಿಟ್ಟರೆ ನೀರು ನಿಲ್ಲಿಸಿ, ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಬೀಗದ ಕೈ, ಕಬ್ಬಿಣ, ಈರುಳ್ಳಿ ಏನೂ ಬೇಡ. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ.

ನೀರಿನ ಬಿಸಿ ಇಳಿಸಿದರೂ ಬರುತ್ತಿದ್ದರೆ ಕ್ಲೋಬಜಾಮ್ ಮಾತ್ರೆ ಇದೆ. ದೊಡ್ಡವರಿಗೆ ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂ, ತಲೆಸ್ನಾನಕ್ಕೆ ಒಂದೂವರೆಯಿಂದ ಎರಡು ಗಂಟೆ ಮುಂಚೆ, ವೈದ್ಯರು ಬರೆದುಕೊಟ್ಟರೆ ಮಾತ್ರ. ನುಂಗಿದ ಕೂಡಲೇ ಬಚ್ಚಲಿಗೆ ಹೋದರೆ ಔಷಧ ಇನ್ನೂ ರಕ್ತದಲ್ಲಿ ಸಾಕಷ್ಟು ಏರಿರುವುದಿಲ್ಲ; ‘ಮಾತ್ರೆ ಕೆಲಸ ಮಾಡಲಿಲ್ಲ’ ಎಂಬ ಎಷ್ಟೋ ದೂರುಗಳ ಹಿಂದೆ ಈ ಅವಸರವೇ ಇರುತ್ತದೆ. ಈ ಮಾತ್ರೆ ಮಂಪರು ತರುತ್ತದೆ, ಆ ಹೊತ್ತು ಬೈಕ್ ಓಡಿಸಬಾರದು. ದಿನಾ ತಲೆಗೆ ಹಾಕಿಕೊಳ್ಳುವವರಿಗೆ ಈ ಕ್ರಮ ಹೊಂದುವುದಿಲ್ಲ. ಬಿಸಿನೀರಿಲ್ಲದೆಯೂ ಫಿಟ್ಸ್ ಶುರುವಾದರೆ ಲೆಕ್ಕವೇ ಬೇರೆ. ಕಾಲು ಭಾಗಕ್ಕೂ ಮೀರಿದ ರೋಗಿಗಳಲ್ಲಿ ಮುಂದೆ ಹಾಗಾಗುತ್ತದೆ. ಆಗ ದಿನನಿತ್ಯದ ಔಷಧ ಬೇಕು, ತಾವಾಗಿ ನಿಲ್ಲಿಸುವಂತಿಲ್ಲ.

ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ, ಎಂಆರ್‌ಐ ನಾರ್ಮಲ್ ಎಂದು ಬಂದರೆ ಕಾಯಿಲೆ ಇಲ್ಲ ಎಂದಲ್ಲ. ಇವರಲ್ಲಿ ಹೆಚ್ಚಿನವರದು ನಾರ್ಮಲ್ಲೇ. ಕಣ್ಣಾರೆ ಕಂಡವರ ವಿವರಣೆ ವೈದ್ಯರಿಗೆ ಅದಕ್ಕಿಂತ ಉಪಯುಕ್ತ. ಮೊದಲು ಕಣ್ಣು ಕತ್ತಲೆ ಬಂದು, ಬೆವತು, ಮುಖ ಬಿಳಿಚಿ, ಬಿದ್ದು, ಕ್ಷಣದಲ್ಲೇ ಎಚ್ಚೆತ್ತರೆ ಅದು ರಕ್ತದೊತ್ತಡ ಇಳಿದು ತಲೆಸುತ್ತಿ ಬಿದ್ದದ್ದಿರಬಹುದು.

ಗ್ಯಾಸ್ ಗೀಸರ್ ಇರುವ ಮನೆಯಾದರೆ ವೈದ್ಯರಿಗೆ ಅದನ್ನು ಮೊದಲು ಹೇಳಿ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರಿಂದಲೂ ಪ್ರಜ್ಞೆ ತಪ್ಪುತ್ತದೆ, ಸೆಳೆತ ಬರುತ್ತದೆ, ಜೀವವೂ ಹೋಗುತ್ತದೆ. ಒಬ್ಬರ ನಂತರ ಒಬ್ಬರು ಸ್ನಾನಕ್ಕೆ ಹೋಗಿ ಇಬ್ಬರಿಗೂ ತಲೆನೋವು, ವಾಕರಿಕೆ ಬಂದಿದ್ದರೆ ಅನುಮಾನ ಗೀಸರ್ ಮೇಲೆಯೇ ಇರಲಿ. ಬಿದ್ದವರನ್ನು ಕೂಡಲೇ ಹೊರಗಿನ ಗಾಳಿಗೆ ಎಳೆದು ತನ್ನಿ, ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡಿಸಿ. ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕಿಸುವ ತನಕ ಅದನ್ನು ಹಚ್ಚಬೇಡಿ.