ಹಳೇ ಜೆಸಿಬಿ: ರಿಪೇರಿ ಮಾಡಿಸೋದಾ, ಮಾರಿಬಿಡೋದಾ?

(ದೃಶ್ಯ: ಗ್ಯಾರೇಜ್ ಮುಂದೆ ಬಾನೆಟ್ ತೆಗೆದು ನಿಲ್ಲಿಸಿದ ಹಳದಿ ಗಾಡಿ)

ನಮಸ್ಕಾರ. ನಮ್ಮ ಕಡೆ ಟೈರ್ ಮೇಲೆ ಓಡಿದರೆ ಜೆಸಿಬಿ, ಚೈನ್ ಮೇಲೆ ಓಡಿದರೆ ಹಿಟಾಚಿ. ಗಾಡಿ ಮೇಲೆ ಯಾವ ಕಂಪನಿ ಹೆಸರಿದ್ದರೂ ಅಷ್ಟೇ! ಇವತ್ತು ಟೈರ್ ಗಾಡಿಯ ವಿಷಯ.

ಒಂದು ಗಾಡಿ 11,000 ಗಂಟೆ ದುಡಿದಿದೆ ಅಂದುಕೊಳ್ಳಿ. ಮೆಕ್ಯಾನಿಕ್ "ಇಂಜಿನ್ ಬಿಚ್ಚಬೇಕು, ಮೂರು ಲಕ್ಷ ಆಗುತ್ತೆ" ಅಂದ. ಸಂಜೆ ಹೊತ್ತಿಗೆ ಬ್ರೋಕರ್ ಫೋನು: "ಅಣ್ಣಾ, ಇದ್ದ ಹಾಗೇ ಏಳು ಲಕ್ಷ ಕೊಡಿಸ್ತೀನಿ." ಇಂಥ ಸುದ್ದಿ ಅವರಿಗೆ ಅಷ್ಟು ಬೇಗ ಹೇಗೆ ಮುಟ್ಟುತ್ತೋ, ದೇವರೇ ಬಲ್ಲ.

ಮೊದಲು ಆ ಮೂರು ಲಕ್ಷ ನಿಜಕ್ಕೂ ಬೇಕಾ ಅಂತ ನೋಡಿ.

(ದೃಶ್ಯ: ಆಯಿಲ್ ಕ್ಯಾಪ್ ಬಿಚ್ಚುವ ಕೈ)

ಇಂಜಿನ್ ಬಿಸಿಯಾದ ಮೇಲೆ ಸ್ಲೋದಲ್ಲಿ ಬಿಟ್ಟು, ಆಯಿಲ್ ಹಾಕುವ ಕ್ಯಾಪ್ ಹುಷಾರಾಗಿ ಸಡಿಲಿಸಿ. ಅಲ್ಲಿಂದ ಹೊಗೆ ಭುಸುಭುಸು ಬಂದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬರೀ ಕಪ್ಪು ಹೊಗೆಯಾದರೆ ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ. ಅಷ್ಟಕ್ಕೇ ಇಂಜಿನ್ ಬಿಚ್ಚಬೇಡಿ.

ಇನ್ನು ಹೈಡ್ರಾಲಿಕ್. ಬಕೆಟ್ ಎತ್ತಿ ಇಂಜಿನ್ ಆಫ್ ಮಾಡಿ, ದೂರ ನಿಂತು ನೋಡಿ. ಕೆಳಗೆ ಯಾರೂ ಹೋಗಬಾರದು. ತಾನಾಗೇ ಇಳಿದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಸೀಲ್ ಕಿಟ್ ಖರ್ಚು ಕಡಿಮೆ. ಬೆಳಿಗ್ಗೆ ಚೆನ್ನಾಗಿದ್ದು, ಬಿಸಿಯಾಗುತ್ತಾ ಬಕೆಟ್ ನಿಧಾನವಾದರೆ ಪಂಪ್ ಮೇಲೆ ಅನುಮಾನ. ಅದು ದುಬಾರಿ. ಇಂಜಿನ್, ಪಂಪ್, ಗೇರ್‌ಬಾಕ್ಸ್ ಮೂರೂ ಒಟ್ಟಿಗೆ ಕೈಕೊಟ್ಟಿದ್ದರೆ ಅಥವಾ ಚಾಸಿಯಲ್ಲಿ ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಇದ್ದರೆ, ಮುಂದಿನ ಲೆಕ್ಕವೇ ಬೇಡ. ಮಾರಿಬಿಡಿ.

ಬರೀ ಇಂಜಿನ್ ಕೆಲಸ ಅಂತಾದರೆ ಪೆನ್ನು ಹಿಡಿಯಿರಿ.

(ದೃಶ್ಯ: ನೋಟ್‌ಬುಕ್ಕಿನಲ್ಲಿ ಬರೆಯುತ್ತಿರುವುದು)

ರಿಪೇರಿ ಮಾಡಿಸಿ ಮಾರಿದರೆ ಎಂಟೂವರೆ ಲಕ್ಷ ಸಿಗುತ್ತೆ ಅನ್ನೋಣ. ಮೂರು ಹಾಕಿ ಒಂದೂವರೆ ಜಾಸ್ತಿ ತಗೊಂಡ ಹಾಗಾಯಿತು. ಒಳಗೆ ಹಾಕಿದ ಹೊಸ ಸಾಮಾನು ಕೊಳ್ಳುವವರಿಗೆ ಕಾಣುವುದಿಲ್ಲ, ಅಲ್ವಾ? ಮಾರುವುದಾದರೆ ಇದ್ದ ಹಾಗೇ ಮಾರಿ.

ಓಡಿಸುವುದಾದರೆ ಲೆಕ್ಕ ಬೇರೆ. ವರ್ಷಕ್ಕೆ 1,000 ಗಂಟೆಯಂತೆ ನಾಲ್ಕು ವರ್ಷ. ರಿಪೇರಿ ಮೂರು ಲಕ್ಷ. ಇವತ್ತು ಏಳು ಲಕ್ಷದ ಗಾಡಿ ಆಗ ನಾಲ್ಕಕ್ಕೆ ಇಳಿದರೆ ಇನ್ನೊಂದು ಮೂರು. ಒಟ್ಟು ಆರು ಲಕ್ಷ, ಅಂದರೆ ಗಂಟೆಗೆ 150 ರೂಪಾಯಿ. ಹೊಸ ಗಾಡಿ ತಗೊಂಡರೆ ಅದೇ ನಾಲ್ಕು ವರ್ಷಕ್ಕೆ ಬೆಲೆ ಇಳಿದದ್ದು, ಬಡ್ಡಿ ಸೇರಿ 22 ಲಕ್ಷ ಅನ್ನಿ. ಗಂಟೆಗೆ 550.

ವ್ಯತ್ಯಾಸ ಗಂಟೆಗೆ 400, ವರ್ಷಕ್ಕೆ ನಾಲ್ಕು ಲಕ್ಷ. ಹಳೇ ಗಾಡಿಯ ಉಳಿದ ರಿಪೇರಿ ಮತ್ತು ಕೆಟ್ಟು ನಿಂತ ದಿನಗಳ ನಷ್ಟ ಸೇರಿ ಇದರೊಳಗೆ ಇದ್ದರೆ ಇಟ್ಟುಕೊಳ್ಳಿ. ಕೆಟ್ಟು ನಿಂತ ದಿನಕ್ಕೆ ಐದು ಸಾವಿರ ಹೋದರೆ, 40 ದಿನಕ್ಕೇ ಎರಡು ಲಕ್ಷ! ಇವೆಲ್ಲ ಉದಾಹರಣೆಯ ಅಂಕಿ. ನಿಮ್ಮ ಡೈರಿಯಲ್ಲಿರುವುದನ್ನು ಹಾಕಿ. ಡೈರಿ ಇಲ್ಲವೇ? ಇವತ್ತೇ ಒಂದು ತಗೊಳ್ಳಿ. ಕಳೆದ ವರ್ಷ ಟೈರಿಗೆ ಸುರಿದ ದುಡ್ಡನ್ನು ಮಾತ್ರ ಇದರಲ್ಲಿ ಸೇರಿಸಬೇಡಿ. ಅದು ಹೋಯಿತು.

ಇನ್ನೊಂದು ವಿಷಯ. ಟೈರ್ ಗಾಡಿಗಳಿಗೆ 2021ರ ಏಪ್ರಿಲ್‌ನಿಂದ ಸ್ಟೇಜ್ 4, 2025ರ ಜನವರಿಯಿಂದ ಸ್ಟೇಜ್ 5 ಹೊಗೆ ನಿಯಮ ಬಂದಿದೆ. ಹೊಸ ಇಂಜಿನ್‌ಗಳಲ್ಲಿ ಸೆನ್ಸರ್ ಜಾಸ್ತಿ. ಹಳೇ ಮೆಕ್ಯಾನಿಕಲ್ ಡೀಸೆಲ್ ಪಂಪಿನ ಇಂಜಿನ್ ಆದರೆ ತಾಲ್ಲೂಕಿನ ಗ್ಯಾರೇಜಿನಲ್ಲೇ ಬಿಚ್ಚಿ ಕೂರಿಸುತ್ತಾರೆ. ನನ್ನ ಮನಸ್ಸು ಹಳೇ ಗಾಡಿ ಕಡೆ ವಾಲುವುದು ಇದಕ್ಕೇ.

ಮಲೆನಾಡಿನವರು ಇಂಜಿನ್ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಹೇಗೂ ಗಾಡಿ ಶೆಡ್ಡಿನಲ್ಲೇ ಇರುತ್ತದೆ.

(ದೃಶ್ಯ: ಆರ್‌ಸಿ ಹತ್ತಿರದಿಂದ)

ಮಾರುವುದೇ ಅಂತಾದರೆ, ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಸುಮ್ನೆ ಬ್ರೋಕರ್ ಕೈಗೆ ಕೊಟ್ಟು ಬರಬೇಡಿ. ಗಾಡಿ ಕೈಬದಲಾಗಿ ಆರ್‌ಸಿಯಲ್ಲಿ ನಿಮ್ಮ ಹೆಸರೇ ಉಳಿದರೆ, ಅಪಘಾತದ ಪರಿಹಾರಕ್ಕೆ ನೀವೇ ಹೊಣೆ. 2018ರಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿದೆ. ಬ್ಯಾಂಕ್ ಸಾಲ ತೀರಿದ್ದರೆ ಫಾರಂ 35 ಕೊಟ್ಟು ಆರ್‌ಸಿಯಲ್ಲಿರುವ ಸಾಲದ ನಮೂದನ್ನೂ ತೆಗೆಸಿ. ಹೆಸರು ಬದಲಾದ ಆರ್‌ಸಿ ಕಣ್ಣಿಗೆ ಬೀಳುವವರೆಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಲೇ ಇರಿ.